ಕುಲುಮೆಯಿಲ್ಲದ ಗಾಜು

ಈಗ ಕನ್ನಡಿ ಮುಂದೆ ನಿಂತು ತಲೆ ಬಾಚುತ್ತಿರುವವರಿಗೆ ಒಂದು ಗಾಜಿನ ಸಂಗತಿ.

ಸೈಬೀರಿಯಾದ ಬೈಕಲ್ ಸರೋವರದ ಗರಿಷ್ಠ ಆಳ 1,642 ಮೀಟರ್. ತಳದ ಕೆಸರನ್ನು ಚಿಟಿಕೆಯಷ್ಟು ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರೆ ಪುಟ್ಟ ಪುಟ್ಟ ಗಾಜಿನ ಡಬ್ಬಿಗಳು ಕಾಣುತ್ತವೆ. ಮೈತುಂಬ ತೂತು, ರಂಗೋಲಿಗೆ ಚುಕ್ಕಿಯಿಟ್ಟ ಹಾಗೆ ಸಾಲಾಗಿ. ಒಂದರೊಳಗೊಂದು ಕೂರುವ ಎರಡು ಭಾಗ, ಥೇಟ್ ಮುಚ್ಚಳದ ಕರಡಿಗೆ. ಇವು ಡಯಾಟಮ್ ಎಂಬ ಏಕಕೋಶ ಪಾಚಿಯ ಚಿಪ್ಪುಗಳು. ನೀರಲ್ಲಿ ಕರಗಿದ ಸಿಲಿಕಾ ಹೀರಿ, ಆ ಕೊರೆಯುವ ತಣ್ಣೀರಿನಲ್ಲೇ ಗಾಜು ಮಾಡಿಕೊಳ್ಳುತ್ತವೆ. ಕುಲುಮೆ ಬೇಕಿಲ್ಲ!

ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ. ಬೆಚ್ಚಗಿನ ಕಾಲದ ಪದರದಲ್ಲಿ ಚಿಪ್ಪು ಹುಲುಸು. ಹಿಮಯುಗದ ಪದರದಲ್ಲಿ ಹೆಚ್ಚುಕಡಿಮೆ ಬರೀ ಜೇಡಿ. ಈ ಹಳೆಯ ದಾಖಲೆ ಓದಲು ವಿಜ್ಞಾನಿಗಳು 1990ರ ದಶಕದಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲಿಂದ ಕೊರೆದು ಕೆಸರಿನ ಉದ್ದನೆಯ ಕಂಬಗಳನ್ನು ಮೇಲೆತ್ತಿದರು.

ಯಾವ ಪದರದಲ್ಲಿ ಎಷ್ಟು ಚಿಪ್ಪಿದೆ ಎಂದು ತಿಳಿಯಲು ಒಂದೊಂದನ್ನೂ ಎಣಿಸುತ್ತ ಕೂರುವುದುಂಟೇ? ಕೆಸರನ್ನು ಬಿಸಿ ಕ್ಷಾರದಲ್ಲಿಟ್ಟರೆ ಚಿಪ್ಪು ಬೇಗ ಕರಗುತ್ತದೆ, ಮರಳು ಜಗ್ಗುವುದಿಲ್ಲ. ಆ ದ್ರಾವಣಕ್ಕೆ ಮಾಲಿಬ್ಡೇಟ್ ಮುಂತಾದ ರಾಸಾಯನಿಕಗಳನ್ನು ಬೆರೆಸಿದರೆ ನೀಲಿ ಬಣ್ಣ ಬರುತ್ತದೆ. ನೀಲಿ ಗಾಢವಾದಷ್ಟೂ ಸಿಲಿಕಾ ಜಾಸ್ತಿ. ಜೇಡಿಯೂ ತುಸು ಕರಗಿ ಲೆಕ್ಕ ಕೆಡಿಸುತ್ತದೆ, ಅದನ್ನು ಕಳೆಯಬೇಕು.

ಪದರದಿಂದ ಪದರಕ್ಕೆ ಹೀಗೆ ಕಂಡ ಸಿಲಿಕಾದ ಏರಿಳಿತ, ಸಾಗರದ ಕೆಸರು ಮೊದಲೇ ಹೇಳಿದ್ದ ಹಿಮಯುಗಗಳ ಸರಣಿಗೆ ತಾಳೆಯಾಯಿತು. ಕಡಲಿನಿಂದ ಅಷ್ಟು ದೂರದ ಸರೋವರವೂ ಅದೇ ಲೆಕ್ಕ ಬರೆದಿಟ್ಟಿತ್ತು, ಪಾಚಿಯ ಕೈಯಲ್ಲಿ.