ರಕ್ತ ಕೊಡುವ ಮೊದಲು ಮಾತ್ರೆಯ ವಿಷಯ ಹೇಳಿ



ಇವತ್ತು ಉಳಿತಾಯ, ಸಾಲದ ಮಾತು ಬೇಡ. ನಮ್ಮಲ್ಲಿ ಥೈರಾಯ್ಡ್ ಮಾತ್ರೆ ತಿನ್ನುವವರು ಎಷ್ಟು ಜನ, ಸ್ವಲ್ಪ ಕೈ ಎತ್ತಿ. ನೋಡಿ, ಕಡಿಮೆಯೇನಿಲ್ಲ.

ನನಗೆ ಗೊತ್ತಿರುವ ಒಬ್ಬ ಅಕ್ಕ, ಬೀಡಿ ಕಟ್ಟುವವರು. ಥೈರಾಯ್ಡ್ ಕಡಿಮೆಯೆಂದು ವರ್ಷಗಳಿಂದ ಮಾತ್ರೆ ತಿನ್ನುತ್ತಿದ್ದರು. ಕೂದಲು ಉದುರುತ್ತದೆಂದು ಮೆಡಿಕಲ್ ಶಾಪಿನಿಂದ ಬಯೋಟಿನ್ ಮಾತ್ರೆಯನ್ನೂ ತಂದು ತಿಂದರು. ಮುಂದಿನ ಪರೀಕ್ಷೆಯಲ್ಲಿ ಟಿ.ಎಸ್.ಎಚ್. ತೀರಾ ಕಡಿಮೆ, ಟಿ-4 ಜಾಸ್ತಿ ಬಂತು. ಡೋಸ್ ಹೆಚ್ಚಾಯಿತೆಂದು ಡಾಕ್ಟರು ಇಳಿಸಿದರು. ಎರಡು ತಿಂಗಳಲ್ಲಿ ಮುಖ ಊದಿತು, ಮೈ ಭಾರ, ಬೀಡಿ ಕಟ್ಟಲು ಕೈ ಓಡದು. ಕೂದಲು ಮತ್ತಷ್ಟು ಉದುರಿತು! ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದರೆ, "ಅದು ಬರೀ ವಿಟಮಿನ್ ಅಲ್ವಾ" ಅಂದರು.

ಆದದ್ದು ಇಷ್ಟೇ. ಕೆಲವು ಲ್ಯಾಬ್ ಯಂತ್ರಗಳಲ್ಲಿ ಹಾರ್ಮೋನನ್ನು ಹಿಡಿದು ಅಳೆಯಲು ಬಯೋಟಿನನ್ನೇ ಅಂಟಿನಂತೆ ಬಳಸುತ್ತಾರೆ. ನಮ್ಮ ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅದೇ ಹೋಗಿ ಅಲ್ಲಿ ಸೀಟು ಹಿಡಿಯುತ್ತದೆ; ಲೆಕ್ಕ ತಪ್ಪುತ್ತದೆ. ದಿನಕ್ಕೆ ಬೇಕಾಗುವುದು ಸುಮಾರು 30 ಮೈಕ್ರೋಗ್ರಾಂ. ಕೂದಲಿನ ಮಾತ್ರೆಯಲ್ಲಿ 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂವರೆಗೂ ಇರುತ್ತದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಥೈರಾಯ್ಡ್ ಪರೀಕ್ಷೆಗೆ ಕಡಿಮೆಯೆಂದರೂ ಎರಡು ದಿನ ಮೊದಲು ಇದನ್ನು ನಿಲ್ಲಿಸಬೇಕು. ದೊಡ್ಡ ಡೋಸ್ ಆದರೆ ಇನ್ನೂ ಮೊದಲೇ. ಅದನ್ನು ಡಾಕ್ಟರನ್ನು ಕೇಳಿ.

ಥೈರಾಯ್ಡ್ ಮಾತ್ರೆ ನುಂಗಿದ ಕೆಲವು ಗಂಟೆ ಟಿ-4 ಏರಿರುತ್ತದೆ. ಆದ್ದರಿಂದ ಪರೀಕ್ಷೆಯ ದಿನ ಮೊದಲು ರಕ್ತ ಕೊಟ್ಟು, ಆಮೇಲೆ ಮಾತ್ರೆ ನುಂಗುವುದು ಒಳ್ಳೆಯದು. ಗರ್ಭನಿರೋಧಕ ಮಾತ್ರೆಯಿಂದ ಒಟ್ಟು ಟಿ-4 ಹೆಚ್ಚು ಕಾಣಬಹುದು, ಥೈರಾಯ್ಡ್ ಸರಿಯಿದ್ದರೂ. ವಾಂತಿಗೆ, ಗ್ಯಾಸಿಗೆ ಕೊಡುವ ಡೊಂಪೆರಿಡೋನ್ ಮಾತ್ರೆ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಏರಿಸುತ್ತದೆ. ಮುಟ್ಟು ಸರಿಯಿಲ್ಲ, ಮಕ್ಕಳಾಗಿಲ್ಲ ಎಂದು ಪರೀಕ್ಷೆಗೆ ಹೋದ ಹೆಣ್ಣುಮಗಳು ಅದನ್ನು ನೋಡಿ ಸುಮ್ಮನೆ ಹೆದರಿಕೊಳ್ಳುತ್ತಾಳೆ.

ಬಸುರಿಯರಿಗೆ ಒಂದು ಮಾತು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡೂ ಬೇಕು, ಬಿಡಬೇಡಿ. ಆದರೆ ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗಿದರೆ ಅದು ಮೈಗೆ ಹತ್ತುವುದಿಲ್ಲ. ಆಗ ಟಿ.ಎಸ್.ಎಚ್. ಏರುತ್ತದೆ. ಇಲ್ಲಿ ರಿಪೋರ್ಟ್ ಸುಳ್ಳಲ್ಲ, ಮಾತ್ರೆಯೇ ವ್ಯರ್ಥವಾದದ್ದು. ಹೊಟ್ಟೆಯಲ್ಲಿರುವ ಮಗುವಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನ್ ಬೇಕೇ ಬೇಕು. ನಾಲ್ಕು ಗಂಟೆ ಅಂತರ ಕೊಡಿ.

ಇದನ್ನು ಕೇಳಿ ಮನೆಗೆ ಹೋಗಿ ಮಾತ್ರೆಗಳನ್ನೆಲ್ಲ ನಿಲ್ಲಿಸಿಬಿಡಬೇಡಿ. ಡಾಕ್ಟರು ಬರೆದುಕೊಟ್ಟದ್ದನ್ನು, ಅದರಲ್ಲೂ ಸ್ಟಿರಾಯ್ಡ್ ಮಾತ್ರೆಯನ್ನು, ಅವರನ್ನು ಕೇಳದೆ ನಿಲ್ಲಿಸುವುದು ಅಪಾಯ. ಹೇಳಿದರೆ ಸಾಕು.

ಮುಂದಿನ ಸಭೆಗೆ ಬರುವಾಗ ತಿನ್ನುವ ಮಾತ್ರೆಗಳ ಖಾಲಿ ಸ್ಟ್ರಿಪ್ ತನ್ನಿ, ಕೂದಲಿನದ್ದೂ ಸೇರಿಸಿ. ಓದು ಬಾರದವರಿಗೆ ಸಂಘದ ಪುಸ್ತಕ ಬರೆಯುವವರು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಲಿ. ಲ್ಯಾಬಿಗೂ ಡಾಕ್ಟರಿಗೂ ಆ ಚೀಟಿ ತೋರಿಸಿ.