ಮಗು ನಿದ್ರಿಸಿತು, ಕೆಮ್ಮು ಗುಣವಾಯಿತೇ?

(ವಿಜಯನಗರದಲ್ಲಿ ನಡೆದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕೆಮ್ಮಿನ ಸಿರಪ್ ಕೊಳ್ಳುವಾಗ ನಮ್ಮ ಅನೇಕ ಮನೆಗಳಲ್ಲಿ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಇದರಲ್ಲಿ ಆಲ್ಕೋಹಾಲ್ ಇದೆಯೇ? ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದುವ ಹಿರಿಯರನ್ನು ನಾವು ಕಂಡಿದ್ದೇವೆ. ಈ ಎಚ್ಚರ ಪ್ರಶಂಸನೀಯ. ಆದರೆ ಆ ಅಕ್ಷರಗಳ ನಡುವೆಯೇ, ಎಷ್ಟು ವಯಸ್ಸಿನೊಳಗಿನ ಮಕ್ಕಳಿಗೆ ಇದನ್ನು ಕೊಡಬಾರದು ಎಂಬ ಎಚ್ಚರಿಕೆಯೂ ಇರಬೇಕು. ಅದನ್ನು ಹುಡುಕುವವರು ನಮ್ಮಲ್ಲಿ ಎಷ್ಟು ಮಂದಿ?

2025ರ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ, ಹೆಚ್ಚಾಗಿ ಛಿಂದ್ವಾರಾ ಜಿಲ್ಲೆಯ, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವಿಫಲಗೊಂಡು ಅಸುನೀಗಿದರು. ಹೆಚ್ಚಿನವರು ಐದು ವರ್ಷದೊಳಗಿನವರು. ಅವರಿಗಿದ್ದುದು ಶೀತ, ಕೆಮ್ಮು, ಜ್ವರ. ಕೊಟ್ಟದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಎಂಬ ಕಂಪೆನಿ ತಯಾರಿಸಿದ ಕೋಲ್ಡ್‌ರಿಫ್ ಸಿರಪ್. ತಮಿಳುನಾಡಿನ ಸರಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು. ಇರಬಹುದಾದ ಗರಿಷ್ಠ ಮಿತಿ ಶೇ. 0.1. ಅಂದರೆ ಹೆಚ್ಚುಕಡಿಮೆ ಅರ್ಧ ಬಾಟಲಿ ವಿಷ! ಮೊದಲು ಬಂಧನವಾದುದು ಚೀಟಿ ಬರೆದ ವೈದ್ಯರದು. ಕಾರ್ಖಾನೆಯ ಮಾಲೀಕರ ಬಂಧನ ಆ ಬಳಿಕ.

ಈ ವಿಷ ಔಷಧದೊಳಗೆ ಸೇರುವುದು ಹೇಗೆ? ಪ್ಯಾರಾಸಿಟಮಾಲ್‌ನಂತಹ ಔಷಧಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಕರಗಿಸಲು ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಬಳಸುತ್ತಾರೆ. ಔಷಧಕ್ಕೆ ಯೋಗ್ಯವಾದ ಶುದ್ಧ ದ್ರಾವಕದ ಬೆಲೆ ಹೆಚ್ಚು. ಹಣ ಉಳಿಸಲು ಕೈಗಾರಿಕೆಯ ಸರಕನ್ನು ತಂದು ಸುರಿದರೆ, ಬ್ರೇಕ್ ಎಣ್ಣೆಯಲ್ಲಿ ಬಳಸುವ ಈ ವಿಷವೂ ಅದರೊಂದಿಗೆ ಬರುತ್ತದೆ. ಬಣ್ಣವಿಲ್ಲ, ರುಚಿ ಸಿಹಿ. ತಾಯಿಯೇ ನೆಕ್ಕಿ ನೋಡಿ ಕೊಟ್ಟರೂ ತಿಳಿಯದು. ಪ್ರತಿ ಡ್ರಮ್ಮನ್ನೂ ಪರೀಕ್ಷಿಸುವುದೊಂದೇ ದಾರಿ.

ಇದು ಹೊಸ ಪಾಠವೂ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಮರುವರ್ಷವೇ ಅಲ್ಲಿ ಹೊಸ ಕಾನೂನು ಬಂತು. ನಮ್ಮಲ್ಲಿ 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ಮಂದಿ ಮೃತಪಟ್ಟರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ವಿಚಾರಣೆ ನಡೆಸಿತು. ಆ ಬಳಿಕ 1998ರಲ್ಲಿ ಗುರ್‌ಗಾಂವ್, 2020ರಲ್ಲಿ ಜಮ್ಮುವಿನ ರಾಮನಗರ. 2022ರಲ್ಲಿ ನಮ್ಮ ದೇಶದ ಸಿರಪ್ ಗ್ಯಾಂಬಿಯಾದ ಸುಮಾರು 70 ಮಕ್ಕಳ ಸಾವಿನೊಂದಿಗೆ ತಳಕು ಹಾಕಿಕೊಂಡಿತು.

ಕೋಲ್ಡ್‌ರಿಫ್ ಕರ್ನಾಟಕಕ್ಕೆ ಪೂರೈಕೆಯಾಗಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಅಕ್ಟೋಬರ್‌ನಲ್ಲಿ ಹೇಳಿದರು. ಅಲ್ಲಾಹನಿಗೆ ಸ್ತುತಿ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ, ಹೊರರಾಜ್ಯದಿಂದ ಬಂದ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆಯೇ ಸಂಶಯ ಮೂಡಿತ್ತು. ಪರೀಕ್ಷೆ ಸಾವಿನ ಮೊದಲು ನಡೆಯಬೇಕೇ ಅಥವಾ ಆಮೇಲೆಯೇ? ಈ ಪ್ರಶ್ನೆಯನ್ನು ನಮ್ಮ ಶಾಸಕರಿಗೆ ಕೇಳಲು ಚುನಾವಣೆಯವರೆಗೆ ಕಾಯಬೇಕಾಗಿಲ್ಲ.

ಇನ್ನು ನಮ್ಮ ಕಡೆಯ ಮಾತು. ಮೈಸೂರು ರಸ್ತೆಯುದ್ದಕ್ಕೂ, ಕೆಂಗೇರಿಯವರೆಗೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿದ್ದಾರೆ. ರಾತ್ರಿಯಿಡೀ ಮಗು ಕೆಮ್ಮಿದರೆ ಬೆಳಗ್ಗೆ ಮೆಷಿನ್ ಮುಂದೆ ಕೂರುವುದು ಹೇಗೆ? ರಜೆ ಹಾಕಿದರೆ ಸಂಬಳ ಕಡಿತ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಒಂದು ಬಾಟಲಿ ಬರುತ್ತದೆ. ಕುಡಿಸಿದ ಅರ್ಧ ಗಂಟೆಯಲ್ಲಿ ಮಗು ನಿದ್ದೆಹೋಗುತ್ತದೆ. ಔಷಧಿ ಹಿಡಿಸಿತು ಎಂದು ನಾವು ಸಮಾಧಾನಪಡುತ್ತೇವೆ. ವಾಸ್ತವದಲ್ಲಿ ಅದು ಕ್ಲೋರ್‌ಫೆನಿರಮೈನ್ ಎಂಬ ಅಲರ್ಜಿ ಔಷಧ ತರುವ ಮಂಪರು. ಕೆಮ್ಮು ಗುಣವಾದದ್ದಲ್ಲ. ಇದನ್ನೂ ಫಿನೈಲ್‌ಎಫ್ರಿನ್ ಎಂಬ ಔಷಧವನ್ನೂ ಬೆರೆಸಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು, ಬಾಟಲಿಯ ಮೇಲೆ ಹಾಗೆಂದು ಮುದ್ರಿಸಬೇಕೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದರು. ಕೋಲ್ಡ್‌ರಿಫ್‌ನಲ್ಲಿ ಇದ್ದುದು ಇದೇ ಮಿಶ್ರಣ. ವಿಷ ಬೆರೆಯದಿದ್ದರೂ ಆ ಎಳೆಯ ಮಕ್ಕಳಿಗೆ ಅದು ತಕ್ಕ ಔಷಧವಾಗಿರಲಿಲ್ಲ.

ನಾವೂ ಇದರಿಂದ ಹೊರತಲ್ಲ. ಹಿರಿಯ ಮಗುವಿಗೆ ತಂದು ಉಳಿದದ್ದನ್ನು, ಅಂದಾಜಿನಲ್ಲಿ, ಅಡುಗೆಮನೆಯ ಚಮಚದಿಂದಲೇ ಕಿರಿಯ ಮಗುವಿಗೂ ಕುಡಿಸಿದವರು ನಾವು. ಚಮಚಗಳೆಲ್ಲ ಒಂದೇ ಅಳತೆಯವಲ್ಲ ಎಂಬುದು ಆಗ ಹೊಳೆಯಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸ್ಪಷ್ಟವಾಗಿ ಹೇಳಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ಶೀತದ ಔಷಧಿ ಬರೆಯಲೇಬಾರದು. ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ. ನಮ್ಮ ರಾಜ್ಯದ ಇಲಾಖೆಯೂ ಸಲಹೆ ಹೊರಡಿಸಿತು. ಹೆಚ್ಚಿನ ಕೆಮ್ಮು ವೈರಸ್ಸಿನದು, ಎರಡು ಮೂರು ವಾರ ಕಾಡಿ ತಾನಾಗಿಯೇ ಹೋಗುತ್ತದೆ.

ಹಾಗಾದರೆ ಆ ರಾತ್ರಿ ಏನು ಮಾಡುವುದೆಂದು ತಾಯಂದಿರು ಕೇಳಿಯೇ ಕೇಳುತ್ತಾರೆ. ಎದೆಹಾಲು ಕುಡಿಯುವ ಮಗುವಿಗೆ ಅದನ್ನೇ ಪದೇ ಪದೇ ಕೊಡಿ. ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಚಮಚ ಜೇನು. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ. ತಹ್ನೀಕ್‌ಗೆ ಖರ್ಜೂರದ ಬದಲು ಜೇನು ಬಳಸುವವರು ಇದನ್ನು ಗಮನಿಸಬೇಕು. ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಇರಬಾರದು, ಇದು ತಂದೆಯಂದಿರಿಗೆ. ರಾತ್ರಿಯ ಸರದಿಯಲ್ಲಿ ಅವರಿಗೂ ಪಾಲಿದೆ.

ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಹೋಗುತ್ತಿದ್ದರೆ, ಹಾಲು ನೀರು ಕುಡಿಯದಿದ್ದರೆ ಬೆಳಗಾಗುವವರೆಗೆ ಕಾಯದೆ ಹೊರಡಿ. ಕೆ.ಆರ್. ಮಾರುಕಟ್ಟೆ ಬಳಿಯ ವಾಣಿ ವಿಲಾಸ ಸರಕಾರಿ ಆಸ್ಪತ್ರೆ ಇಲ್ಲಿಂದ ದೂರವಿಲ್ಲ. ವೈದ್ಯರು ಬರೆದ ಔಷಧಕ್ಕೆ ಬಿಲ್ ಕೇಳಿ ಪಡೆಯಿರಿ, ಬ್ಯಾಚ್ ನಂಬರ್ ಅದರಲ್ಲಿರಲಿ. ಯಾವುದೇ ಸಿರಪ್ ಕುಡಿದ ಮೇಲೆ ಮಗು ವಾಂತಿ ಮಾಡತೊಡಗಿದರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಬಾಟಲಿಯನ್ನು ಎಸೆಯದೆ ಮಗುವಿನೊಂದಿಗೆ ಅದನ್ನೂ ಆಸ್ಪತ್ರೆಗೆ ಒಯ್ಯಿರಿ. ಛಿಂದ್ವಾರಾದ ಮಕ್ಕಳಲ್ಲಿ ಕಾಣಿಸಿಕೊಂಡ ಲಕ್ಷಣಗಳು ಇವೇ.