ದಾರಿಯಿಲ್ಲದ ಪಾಲು
(ಜುಮಾ ಪ್ರವಚನದ ಸಾರಾಂಶ)

 

ಸಹೋದರರೇ, ಇಂದು ನಾವು ಜಮೀನಿಗೆ ಹೋಗುವ ದಾರಿಯ ಬಗ್ಗೆ ಮಾತನಾಡುತ್ತೇವೆ. ಇದೇನು, ಮಿಂಬರ್ ಮೇಲೆ ನಿಂತು ತಾಲ್ಲೂಕು ಕಚೇರಿಯ ಮಾತು ಎಂದು ಕೆಲವರಿಗೆ ಅನಿಸಬಹುದು. ಆದರೆ ಈಚೆಗೆ ಮಸೀದಿಗೆ ತೀರ್ಮಾನಕ್ಕೆಂದು ಬರುವ ತಕರಾರುಗಳಲ್ಲಿ ದಾರಿಯದ್ದೇ ಹೆಚ್ಚು.

ಕಾರಣ ನಿಮಗೆ ಗೊತ್ತೇ ಇದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಮುಖ್ಯರಸ್ತೆ ಬಂದ್. ನೇರ ದಾಟಿ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದವರು ಈಗ ಅಂಡರ್‌ಪಾಸ್ ಹುಡುಕಿ ಸುತ್ತಿ ಬರುತ್ತಾರೆ. ಇದು ಸರ್ಕಾರದ ಜೊತೆಗಿನ ತಕರಾರು, ಅದಕ್ಕೆ ಬೇರೆ ಹಾದಿಯಿದೆ. ಹೆದ್ದಾರಿಯ ಹಿಂದೆಯೇ ಲೇಔಟ್‌ಗಳು ಬಂದವಲ್ಲ, ನಮ್ಮ ಮನೆಮನೆಗೂ ಜಗಳ ತಂದದ್ದು ಅವು.

ಒಬ್ಬ ವಿಧವೆ ಸಹೋದರಿ ನಮ್ಮ ಬಳಿ ಬಂದಿದ್ದರು. ತಂದೆ ತೀರಿಕೊಂಡಾಗ ಜಮೀನು ಪಾಲಾಯಿತು. ರಸ್ತೆ ಬದಿಯದು ಅಣ್ಣನಿಗೆ, ಹಿಂದಿನದು ಇವರಿಗೆ. ಅಣ್ಣನ ಹೊಲದ ಬದುವಿನ ಮೇಲೆ ಬಂಡಿ ಹೋಗುತ್ತಿತ್ತು, ಯಾರೂ ಕಾಗದದಲ್ಲಿ ಬರೆದಿರಲಿಲ್ಲ. ಅಣ್ಣ ತನ್ನ ಪಾಲನ್ನು ಲೇಔಟ್‌ನವರಿಗೆ ಮಾರಿದ. ಅವರು ಕಾಂಪೌಂಡ್ ಎತ್ತಿದರು. ಈಗ ಆ ತಾಯಿಯ ಜಮೀನಿಗೆ ಕೊಡಲಿ ಹಿಡಿದುಕೊಂಡು ಹೋಗಲೂ ಜಾಗವಿಲ್ಲ. ದಾರಿಯಿಲ್ಲದ ಜಮೀನು ಎಂದು ದಲ್ಲಾಳಿಗಳು ಅರ್ಧ ಬೆಲೆಗೆ ಕೇಳುತ್ತಿದ್ದಾರೆ. ಅಣ್ಣನನ್ನು ಕೇಳಿದರೆ, "ನಾನು ಮಾರಿಯಾಯಿತು ಹಜ್ರತ್, ಲೇಔಟ್‌ನವರನ್ನು ಕೇಳಿ" ಎನ್ನುತ್ತಾರೆ. ಆ ಅಣ್ಣ ಐದು ಹೊತ್ತೂ ಮೊದಲ ಸಾಲಿನಲ್ಲಿ ನಿಲ್ಲುವವರು.

ತಂಗಿಗೆ ಪಾಲು ಕೊಟ್ಟಿದ್ದೇನೆ ಎಂದು ಹೇಳಿಕೊಳ್ಳುವವರು ಒಂದು ಮಸ್‌ಅಲಾ ಕೇಳಬೇಕು. ಹನಫಿ ಫಿಕ್‌ಹ್‌ನ ಹಿದಾಯದಲ್ಲಿ ಇದು ಸ್ಪಷ್ಟವಾಗಿದೆ. ಪಾಲು ಮಾಡುವಾಗ ಒಬ್ಬನ ದಾರಿ ಇನ್ನೊಬ್ಬನ ಪಾಲಿನೊಳಗೆ ಉಳಿದು, ಆ ಬಗ್ಗೆ ಏನೂ ಮಾತಾಗಿರದಿದ್ದರೆ, ದಾರಿಯನ್ನು ಬೇರೆ ಕಡೆಗೆ ತಿರುಗಿಸಲು ಸಾಧ್ಯವಿದ್ದಲ್ಲಿ ತಿರುಗಿಸಬೇಕು. ಸಾಧ್ಯವೇ ಇಲ್ಲದಿದ್ದರೆ ಆ ವಿಭಾಗವೇ ರದ್ದು, ಮತ್ತೆ ಹೊಸದಾಗಿ ಪಾಲು ಮಾಡಬೇಕು. ಫುಕಹಾಗಳು ಎಷ್ಟು ದೂರ ಯೋಚಿಸಿದ್ದಾರೆ ನೋಡಿ.

ಹಝ್ರತ್ ಉಮರ್(ರ)ರ ಕಾಲದ ಒಂದು ಪ್ರಕರಣ ಇಮಾಮ್ ಮಾಲಿಕರ ಮುವತ್ತಾದಲ್ಲಿದೆ. ದಹ್ಹಾಕ್ ಬಿನ್ ಖಲೀಫಾ ಎಂಬವರು ತಮ್ಮ ಜಮೀನಿಗೆ ಕಾಲುವೆ ತರಬೇಕಿತ್ತು. ಅದು ಮುಹಮ್ಮದ್ ಬಿನ್ ಮಸ್ಲಮಾ(ರ)ರ ಜಮೀನಿನ ಮೂಲಕವೇ ಹಾಯಬೇಕು. ಅವರು ಒಪ್ಪಲಿಲ್ಲ. ನಿಮಗೂ ನೀರು ಸಿಗುತ್ತದೆ, ನಷ್ಟವೇನೂ ಇಲ್ಲ ಎಂದರೂ ಕೇಳಲಿಲ್ಲ. ದೂರು ಖಲೀಫರ ಮುಂದೆ ಹೋಯಿತು. ಉಮರ್(ರ) ಮೊದಲು ಸಮಾಧಾನದಿಂದ ಹೇಳಿದರು. ಅವರು ಆಣೆ ಹಾಕಿ ಆಗದೆಂದಾಗ, ಅಗತ್ಯ ಬಿದ್ದರೆ ನಿನ್ನ ಹೊಟ್ಟೆಯ ಮೇಲಿಂದಲಾದರೂ ಆ ಕಾಲುವೆ ಹಾಯುತ್ತದೆ ಎಂದರು. ಕಾಲುವೆ ಹಾಯಿತು. ಮುಹಮ್ಮದ್ ಬಿನ್ ಮಸ್ಲಮಾ ಸಾಮಾನ್ಯರಲ್ಲ, ಬದ್ರ್‌ನಲ್ಲಿ ಹೋರಾಡಿದ ಸಹಾಬಿ. ಹೀಗಿರುವಾಗ ಮೊದಲ ಸಾಲಿನವರಿಗೆ ರಿಯಾಯಿತಿ ಎಲ್ಲಿಂದ ಬರಬೇಕು?

ದೇಶದ ಕಾನೂನೂ ಇದರಿಂದ ದೂರವಿಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಪ್ರಕಾರ, ಪಾಲಾದ ಜಮೀನಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಇನ್ನೊಂದು ಪಾಲಿನ ಮೇಲೆ ಹಾದುಹೋಗುವ ಹಕ್ಕಿದೆ. ಅದಕ್ಕೆ ಇಷ್ಟು ವರ್ಷ ನಡೆದಿರಬೇಕೆಂದಿಲ್ಲ. ಸಂಬಂಧವಿಲ್ಲದವರ ಜಮೀನಿನ ಮೇಲಿನ ದಾರಿಯಾದರೆ 15ನೇ ಕಲಂ. 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಓಡಾಡಿರಬೇಕು. ಸರ್ಕಾರಿ ಜಾಗವಾದರೆ 30 ವರ್ಷ. ಅನುಮತಿ ಕೇಳಿಕೊಂಡು ಓಡಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಒಂದು ಎಚ್ಚರಿಕೆ: 15ನೇ ಕಲಂನ ಹಕ್ಕಿಗಾದರೆ ದಾರಿ ಮುಚ್ಚಿದ ಎರಡು ವರ್ಷದೊಳಗೆ ದಾವೆ ಹೂಡಬೇಕು. ಎದುರಿನವರ ಮನಸ್ಸು ಕರಗುತ್ತದೆ ಎಂದು ಕಾಯುತ್ತ ಕುಳಿತವರ ಕೈಯಿಂದ ಈ ಹಕ್ಕು ಜಾರುತ್ತದೆ.

ಇನ್ನು ಮಾರಾಟ ಮಾಡುವವರಿಗೆ. ಹಿಂದಿನವರ ದಾರಿ ನಿಮ್ಮ ಬೆಲೆಯಲ್ಲಿ ಸೇರಿಲ್ಲ. ಹಿಂದಿನವನು ತಂಗಿಯೇ ಇರಲಿ, ಗೌಡರ ಮನೆಯವರೇ ಇರಲಿ, ವ್ಯತ್ಯಾಸವಿಲ್ಲ. ಕ್ರಯಪತ್ರ ಬರೆಸುವಾಗಲೇ ದಾರಿಯ ಅಗಲ, ದಿಕ್ಕು ಬರೆಸಿ. ದಾರಿಯ ಅಗಲದಲ್ಲಿ ಜಗಳವಾದರೆ ಏಳು ಮೊಳ ಬಿಡಬೇಕೆಂದು ಪ್ರವಾದಿ(ಸ)ರು ತೀರ್ಮಾನಿಸಿದ್ದು ಬುಖಾರಿಯಲ್ಲಿದೆ. ಇಂದಿನ ಟ್ರ್ಯಾಕ್ಟರ್‌ಗೂ ಅದು ಹೆಚ್ಚುಕಡಿಮೆ ಸಾಕು.

ಇಂಥ ತಕರಾರು ಇರುವವರು ಪಹಣಿ, ವಿಭಾಗ ಪತ್ರ, ಗ್ರಾಮ ನಕಾಶೆಯ ಪ್ರತಿ ಹಿಡಿದು ಭಾನುವಾರ ಅಸರ್ ನಮಾಝಿನ ಬಳಿಕ ಮದ್ರಸಕ್ಕೆ ಬನ್ನಿ. ಜಮಾಅತಿನ ಹಿರಿಯರೂ ಒಬ್ಬ ವಕೀಲರೂ ಇರುತ್ತಾರೆ. ಹೆಣ್ಣುಮಕ್ಕಳು ತಾವೇ ಬರಬಹುದು. ಅಣ್ಣನ ಮೇಲೆಯೇ ದೂರಿರುವಾಗ ಅಣ್ಣನನ್ನು ಜೊತೆಗೆ ಕರೆತನ್ನಿ ಎಂದು ನಾವು ಹೇಳುವುದಿಲ್ಲ.